ಗೂಗಲ್‌ನ 15 ಜಿಬಿ ತುಂಬಿತು: ಮನೆಯ ಫೋಟೋ, ಹಾಡು, ಕಾಗದಪತ್ರ ಎಲ್ಲಿ ಇಡೋಣ, ಹೇಗೆ ಹಂಚಿಕೊಳ್ಳೋಣ?

ಶರಾವತಿ ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಾಗರದ ಹತ್ತಿರ. ತಮ್ಮ ಪುಣೆಯಲ್ಲಿದ್ದಾನೆ, ಅಕ್ಕ ಜರ್ಮನಿಯಲ್ಲಿದ್ದಾಳೆ. ಮಳೆಗಾಲದ ಥಂಡಿಗೆ ಅಪ್ಪನ ಹಳೇ ಆಲ್ಬಮ್‌ಗಳು ಬೂಸ್ಟು ಹಿಡಿಯೋಕೆ ಶುರುವಾಗಿದ್ದರಿಂದ ಎಲ್ಲವನ್ನೂ ಸ್ಕ್ಯಾನ್ ಮಾಡಿದ್ದೇವೆ. ಅಜ್ಜಿ ಹಾಡಿದ್ದ ಹಸೆ ಹಾಡು, ಸೋಬಾನೆ ಪದಗಳ ಕ್ಯಾಸೆಟ್‌ಗಳನ್ನೂ ಕಂಪ್ಯೂಟರಿಗೆ ಇಳಿಸಿದ್ದೇವೆ. ಜೊತೆಗೆ ಜಮೀನಿನ ಕಾಗದ, ಮಾರ್ಕ್ಸ್ ಕಾರ್ಡ್, ಅಮ್ಮನ ಆಸ್ಪತ್ರೆ ರಿಪೋರ್ಟ್‌ಗಳಿವೆ. ಇವನ್ನೆಲ್ಲ ನನ್ನ ಗೂಗಲ್ ಡ್ರೈವ್‌ಗೆ ಹಾಕುತ್ತಿದ್ದೆ. ಅರ್ಧಕ್ಕೇ ಸ್ಟೋರೇಜ್ ಫುಲ್ ಅಂತ ಬಂತು.

100 ಜಿಬಿ ಪ್ಲಾನ್ ತೆಗೆದುಕೊಳ್ಳಲಾ? ಅಥವಾ ಹಾರ್ಡ್‌ಡಿಸ್ಕ್ ಸಾಕಾ? ಮೂರೂ ಜನಕ್ಕೆ ಎಲ್ಲಾ ಸಿಗಬೇಕು. ಇನ್ನು ಇಪ್ಪತ್ತು ವರ್ಷ ಆದಮೇಲೂ ಅಜ್ಜಿಯ ದನಿ ಕೇಳಬೇಕು, ಅಷ್ಟೇ ಆಸೆ. ತಿಳಿದವರು ಹೇಳಿ.

ಮೈಸೂರು ಮೇಷ್ಟ್ರು:
ತುಂಬಾ ಒಳ್ಳೆಯ ಕೆಲಸ ಮಾಡಿದ್ದೀರಮ್ಮಾ. ಪ್ಲಾನ್ ವಿಚಾರ ಆಮೇಲೆ ನೋಡೋಣ. ಮೊದಲು ಫೈಲ್‌ಗಳನ್ನು ಎರಡು ಭಾಗ ಮಾಡಿ. ಕಳೆದುಹೋದರೆ ಮತ್ತೆ ಸಿಗುವುದು ಯಾವುದು, ಸಿಗದೇ ಇರುವುದು ಯಾವುದು?

ಪಹಣಿ ಸರ್ಕಾರದ 'ಭೂಮಿ' ಅನ್ನುವ ಜಾಲತಾಣದಲ್ಲಿ ಸಿಗುತ್ತದೆ. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸಬಹುದು. ಡ್ರೈವಿಂಗ್ ಲೈಸೆನ್ಸ್, ಆರ್‌ಸಿ, ಆಧಾರ್ ಇವೆಲ್ಲ ದಾಖಲೆ ಇಡೋಕೆ ಸರ್ಕಾರವೇ ಮಾಡಿರುವ ಡಿಜಿಲಾಕರ್‌ನಲ್ಲಿ ಬರುತ್ತವೆ. ಇವು ಹೋದರೆ ಓಡಾಟ ಜಾಸ್ತಿ ಆಗುತ್ತದೆ, ಆದರೆ ಸಿಗುತ್ತವೆ. ಅಜ್ಜಿಯ ಹಾಡು ಯಾವ ಕಚೇರಿಯಲ್ಲೂ ಸಿಗಲ್ಲ. ರಿಜಿಸ್ಟರ್ ಆಗದ ಹಳೇ ಪಾಲುಪಟ್ಟಿ, ಕೈಬರಹದ ಪತ್ರ, ಮದುವೆ ಫೋಟೋ ಕೂಡ ಅದೇ ಸಾಲಿನವು. ನಿಮ್ಮ ದುಡ್ಡು, ಸಮಯ, ಕಾಳಜಿ ಎಲ್ಲಾ ಮೊದಲು ಆ ಕಡೆ ಹೋಗಲಿ.

ಡಿಜಿಲಾಕರ್ ಬಗ್ಗೆ ಒಂದು ಮಾತು. ಅದು ಶುರುವಾದದ್ದು 2015ರ ಜುಲೈನಲ್ಲಿ. ಅದರಲ್ಲಿ ಇಲಾಖೆಯಿಂದಲೇ ನೇರವಾಗಿ ಬರುವ 'ಇಶ್ಯೂಡ್' ದಾಖಲೆಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಬೆಲೆ ಇದೆ. ನಾವೇ ಸ್ಕ್ಯಾನ್ ಮಾಡಿ ಹಾಕಿದ್ದಕ್ಕೆ ಆ ಬೆಲೆ ಇಲ್ಲ. ಅದಕ್ಕೆ ಕೊಡುವ ಜಾಗವೂ 1 ಜಿಬಿ ಮಾತ್ರ. ಈ ವ್ಯತ್ಯಾಸ ಗೊತ್ತಿಲ್ಲದೆ ತುಂಬಾ ಜನ ಸ್ಕ್ಯಾನ್ ಹಾಕಿ ಆಯ್ತು ಅಂದುಕೊಳ್ಳುತ್ತಾರೆ.

ಸರ್ವರ್ ರೂಮ್:
ಮೇಷ್ಟ್ರ ಮಾತು ನೂರಕ್ಕೆ ನೂರು ಸರಿ. ಇದೇ ಕೆಲಸದಲ್ಲಿ ಇರುವವನಾಗಿ ಒಂದು ಸೇರಿಸುತ್ತೇನೆ.

ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್, ಐಕ್ಲೌಡ್ ಇವೆಲ್ಲ ಮಾಡುವುದು ಮುಖ್ಯವಾಗಿ ಸಿಂಕ್. ಸಿಂಕ್ ಅಂದರೆ ಕನ್ನಡಿ ಇದ್ದ ಹಾಗೆ. ಇಲ್ಲಿ ಇದ್ದದ್ದು ಅಲ್ಲಿ ಕಾಣುತ್ತದೆ, ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ. ಫೋನಿನಲ್ಲಿ ಜಾಗ ಆಗಲಿ ಅಂತ ಗೂಗಲ್ ಫೋಟೋಸ್ ಆಪ್ ಒಳಗೇ ಫೋಟೋ ಡಿಲೀಟ್ ಮಾಡಿದರೆ, ಫೋನಿನಲ್ಲೂ ಹೋಗುತ್ತದೆ, ಆನ್‌ಲೈನ್‌ನಲ್ಲೂ ಹೋಗುತ್ತದೆ. ಜಾಗ ಮಾಡೋಕೆ ಅದರಲ್ಲೇ 'ಫ್ರೀ ಅಪ್ ಸ್ಪೇಸ್' ಅಂತ ಬೇರೆ ಆಯ್ಕೆ ಇದೆ. ಅದು ಬ್ಯಾಕಪ್ ಆಗಿರುವ ಫೋಟೋವನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ. ತಪ್ಪಿ ಅಳಿಸಿದ್ದು ಕಸದ ಬುಟ್ಟಿಯಲ್ಲಿ ಸ್ವಲ್ಪ ಕಾಲ ಇರುತ್ತದೆ: ಡ್ರೈವ್‌ನಲ್ಲಿ 30 ದಿನ, ಬ್ಯಾಕಪ್ ಆದ ಫೋಟೋಗೆ 60 ದಿನ. ಆಮೇಲೆ ಇಲ್ಲ. ವರ್ಷಕ್ಕೊಮ್ಮೆ ಹಳೇ ಫೋಟೋ ನೋಡುವವರಿಗೆ ಆ ಗಡುವು ಯಾವ ಲೆಕ್ಕ?

ಹಾಗಾಗಿ ಬ್ಯಾಕಪ್ ಅಂದರೆ ಬೇರೆಯೇ ಒಂದು ಪ್ರತಿ. ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ಅನ್ನುವ ಲೆಕ್ಕ ಇದೆ. ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ, ಅದರಲ್ಲಿ ಒಂದು ಮನೆಯಿಂದ ದೂರ. ಮನೆಯ ಕಂಪ್ಯೂಟರ್, ಒಂದು ಹಾರ್ಡ್‌ಡಿಸ್ಕ್, ಒಂದು ಆನ್‌ಲೈನ್ ಖಾತೆ. ಇಷ್ಟಾದರೆ ಮನೆಮಟ್ಟಿಗೆ ಸಾಕು.

ದೊಡ್ಡವರೂ ಇದನ್ನು ಮರೆತು ಪೆಟ್ಟು ತಿಂದಿದ್ದಾರೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರದ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕೆಲಸದ ಫೈಲ್ ಇಡುತ್ತಿದ್ದ ಜಿ-ಡ್ರೈವ್ ಅನ್ನುವ ಆನ್‌ಲೈನ್ ಸ್ಟೋರೇಜ್ ಸುಟ್ಟುಹೋಯಿತು. 858 ಟೆರಾಬೈಟ್ ಡೇಟಾ. ಹೊರಗೆ ಎಲ್ಲೂ ಇನ್ನೊಂದು ಪ್ರತಿ ಇರಲಿಲ್ಲ.

ಹುಬ್ಬಳ್ಳಿ ಮಂದಿ:
ಸರ್, ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 100 ಜಿಬಿ ಗೂಗಲ್ ಒನ್ ಪ್ಲಾನ್ ನಮ್ಮಲ್ಲಿ ತಿಂಗಳಿಗೆ 130, ವರ್ಷಕ್ಕೆ 1300 ರೂಪಾಯಿ ಅಂತ ಇದೆ. ಇವತ್ತು ಸಣ್ಣ ಮೊತ್ತ ಅನ್ನಿಸುತ್ತದೆ. ಇಪ್ಪತ್ತು ವರ್ಷ ಅಂದರೆ ಇದೇ ರೇಟಲ್ಲೇ 26,000 ಆಯ್ತು. ರೇಟು ಹಾಗೇ ಇರಲ್ಲ, ಫೋಟೋನೂ ಅಷ್ಟರಲ್ಲೇ ನಿಲ್ಲಲ್ಲ. ಒಮ್ಮೆ ತುಂಬಿಸಿದ ಮೇಲೆ ಬಿಟ್ಟು ಬರೋದೂ ಕಷ್ಟ.

ಫ್ರೀ ಅಂತ ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡದ್ದನ್ನೂ ನೋಡಿದ್ದೇವೆ. ಗೂಗಲ್ ಫೋಟೋಸ್ 2015ರಲ್ಲಿ ಬಂದಾಗ ಎಷ್ಟು ಬೇಕಾದರೂ ಹಾಕಿ ಅಂದರು, 2021ರ ಜೂನ್ 1ಕ್ಕೆ ಅದು ಮುಗಿಯಿತು. ಒನ್‌ಡ್ರೈವ್ 2016ರಲ್ಲಿ 15 ಜಿಬಿ ಇದ್ದದ್ದನ್ನು 5 ಜಿಬಿಗೆ ಇಳಿಸಿತು. ಅಮೆಜಾನ್ ಡ್ರೈವ್ 2023ರ ಕೊನೆಗೆ ಬಾಗಿಲು ಹಾಕಿತು. ಫೇಸ್‌ಬುಕ್ ತರಹದ ಹಳೇ ತಾಣ ಆರ್ಕುಟ್ ಅಂತೂ ನಮ್ಮ ಕಾಲೇಜಿನ ಫೋಟೋಗಳ ಸಮೇತ ಹೋಯಿತು. ಎರಡು ಹಾರ್ಡ್‌ಡಿಸ್ಕ್ ತೆಗೆದುಕೊಂಡು, ಒಂದು ಊರಲ್ಲಿ, ಒಂದು ತಮ್ಮನ ಮನೆಯಲ್ಲಿ ಇಟ್ಟರೆ ಕೆಲಸ ಮುಗಿಯಿತು ಅಲ್ವಾ?

ಸರ್ವರ್ ರೂಮ್:
ನಿಮ್ಮ ಮಾತಲ್ಲಿ ಹುರುಳಿದೆ ಸರ್. ಎರಡು ಹಾರ್ಡ್‌ಡಿಸ್ಕ್ ಎರಡು ಊರಲ್ಲಿ ಅನ್ನುವುದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ತೊಂದರೆ ಏನೆಂದರೆ ಹೊಸದನ್ನು ಸೇರಿಸುವ ಕೆಲಸ ಯಾರೂ ಮಾಡಲ್ಲ. ಪುಣೆಯಲ್ಲಿರುವ ಡಿಸ್ಕು ಎರಡು ವರ್ಷ ಹಿಂದೆಯೇ ನಿಂತಿರುತ್ತದೆ. ಸುಮ್ನೆ ಇಟ್ಟ ಡಿಸ್ಕೂ ಕೆಡುತ್ತದೆ, ಒಳಗೆ ತಿರುಗುವ ಭಾಗಗಳಿವೆ. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಅಂತೂ ವರ್ಷಗಟ್ಟಲೆ ಇಡೋಕೆ ಬೇಡವೇ ಬೇಡ. ಅದರಲ್ಲಿ ಮಾಹಿತಿ ಉಳಿಯುವುದು ವಿದ್ಯುತ್ ಚಾರ್ಜ್ ಆಗಿ. ಬಳಸದೆ ಬಿಟ್ಟರೆ ಅದು ನಿಧಾನವಾಗಿ ಸೋರುತ್ತದೆ.

ಆನ್‌ಲೈನ್‌ನ ದೊಡ್ಡ ಲಾಭ, ಅದು ತನ್ನಷ್ಟಕ್ಕೇ ಆಗುತ್ತದೆ. ಹಾರ್ಡ್‌ಡಿಸ್ಕ್‌ನ ದೊಡ್ಡ ಲಾಭ, ಯಾರ ಖಾತೆ ಬಂದ್ ಆದರೂ ಅದು ನಮ್ಮ ಕೈಯಲ್ಲೇ ಇರುತ್ತದೆ. ಎರಡೂ ಬೇಕು ಅನ್ನುವುದು ಇದಕ್ಕೇ. ಶರಾವತಿ ಅವರೇ, ಮಲೆನಾಡಿನಲ್ಲಿ ಹಾರ್ಡ್‌ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕೆಲಸ ಆದಮೇಲೆ ಕಂಪ್ಯೂಟರಿನಿಂದ ಕಿತ್ತಿಡಿ. ಸಿಡಿಲಿಗೂ ಸಿಗಲ್ಲ, ಕಂಪ್ಯೂಟರಿಗೆ ವೈರಸ್ ಬಂದರೂ ಅದಕ್ಕೆ ತಾಗಲ್ಲ.

ಕುಂದಾಪುರದ ಅಕ್ಕ:
ದುಡ್ಡು ಕೊಡುವ ಮೊದಲು 15 ಜಿಬಿಯಲ್ಲಿ ಏನು ತುಂಬಿದೆ ಅಂತ ನೋಡು ತಂಗಿ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಒಂದೇ ಲೆಕ್ಕ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದೇ ಜಾಗ ತಿನ್ನುತ್ತದೆ. ಮೊದಲು ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, 2023ರ ಕೊನೆಯಿಂದ ಹಿಡಿಯೋಕೆ ಶುರು ಮಾಡಿದರು. ಎಷ್ಟೋ ಜನರಿಗೆ ಇದ್ದಕ್ಕಿದ್ದ ಹಾಗೆ ಫುಲ್ ಅಂತ ಬಂದದ್ದು ಇದಕ್ಕೇ. ಗುಡ್ ಮಾರ್ನಿಂಗ್ ವಿಡಿಯೋಗಳೆಲ್ಲ ಅಲ್ಲಿ ಕೂತಿರುತ್ತವೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ ಬ್ಯಾಕಪ್‌ಗೆ ಹೋಗಿ ವಿಡಿಯೋ ಬೇಡ ಅಂತ ಮಾಡು. ಮನೆಯವರು ಕಳಿಸಿದ ಬೇಕಾದ ವಿಡಿಯೋ ಇದ್ದರೆ ಮೊದಲು ಅದನ್ನು ಬೇರೆ ಕಡೆ ತೆಗೆದಿಟ್ಟುಕೋ.

ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಇನ್ನೊಂದು ಗಮನಿಸು. ಹೊಸ ಲ್ಯಾಪ್‌ಟಾಪ್‌ನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಎಷ್ಟೋ ಸಲ ಒನ್‌ಡ್ರೈವ್‌ಗೆ ಸೇರಿಕೊಂಡಿರುತ್ತವೆ. ಅಲ್ಲಿ ಫ್ರೀ ಇರುವುದು 5 ಜಿಬಿ. ಸ್ಕ್ಯಾನ್ ಮಾಡಿದ್ದನ್ನು ಡೆಸ್ಕ್‌ಟಾಪ್ ಮೇಲೆ ಸುರಿದರೆ ಅದೂ ತುಂಬುತ್ತದೆ.

ಅಪ್‌ಲೋಡ್ ವಿಚಾರ. ವೈಫೈ ಇಲ್ಲದ ಮನೆಯಲ್ಲಿ ದಿನಕ್ಕೆ ಇಷ್ಟು ಜಿಬಿ ಅಂತ ಬರುವ ಡೇಟಾ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದಲ್ಲ, ಮಲಗುವ ಮುಂಚೆ ಉಳಿದದ್ದನ್ನು ಬ್ಯಾಕಪ್‌ಗೆ ಬಿಡು. ಫೋಟೋಸ್ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾಗೆ ದಿನದ ಮಿತಿ ಹಾಕುವ ಆಯ್ಕೆ ಇದೆ.

ಸ್ಟುಡಿಯೋ ಕೆಲಸ:
ನಾನು ಮದುವೆ ಫೋಟೋಗ್ರಫಿ ಮಾಡುವವನು. ಒಂದೆರಡು ಮಾತು.

ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಅದನ್ನೇ ಪ್ರತಿ ಅಂತ ಇಟ್ಟುಕೊಳ್ಳಬೇಡಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ, ಎಚ್‌ಡಿ ಒತ್ತಿದರೂ ಮೂಲದಷ್ಟು ಇರಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮಾತ್ರ ಇದ್ದ ಹಾಗೇ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ 'ಸ್ಟೋರೇಜ್ ಸೇವರ್' ಇಟ್ಟಿದ್ದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಚಿತ್ರ ಚಿಕ್ಕದಾಗುತ್ತದೆ. ದಿನನಿತ್ಯದ ಫೋನ್ ಫೋಟೋಗೆ ಅದು ಪರವಾಗಿಲ್ಲ. ಸ್ಕ್ಯಾನ್ ಮಾಡಿದ ಹಳೇ ಫೋಟೋಗೆ ಬೇಡ. ಅವನ್ನು ಡ್ರೈವ್ ಫೋಲ್ಡರ್‌ನಲ್ಲಿ ಫೈಲ್ ಆಗಿಯೇ ಇಡಿ.

ಕ್ಯಾಸೆಟ್ ಹಾಡುಗಳನ್ನು ಯಾವ ಬಗೆಯಲ್ಲಿ ಇಳಿಸಿದ್ದೀರಿ? ದನಿಯನ್ನು ಕುಗ್ಗಿಸದೆ ಇಡುವ ಡಬ್ಲ್ಯೂಎವಿ (WAV) ಆಗಿದ್ದರೆ ಸ್ಟೀರಿಯೋದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ, ಅಂದರೆ 60 ನಿಮಿಷದ ಒಂದು ಕ್ಯಾಸೆಟ್‌ಗೆ 600 ಎಂಬಿ ಮೇಲೆ. ಅದನ್ನು ಎಫ್‌ಎಲ್‌ಎಸಿ (FLAC) ಅನ್ನುವ ಬಗೆಗೆ ಬದಲಿಸಿದರೆ ಜಾಗ ಹೆಚ್ಚುಕಡಿಮೆ ಅರ್ಧ ಆಗುತ್ತದೆ, ದನಿ ಒಂದು ಚೂರೂ ಹೋಗಲ್ಲ. ಕೇಳೋಕೆ, ಹಂಚೋಕೆ ಎಂಪಿ3 ಬೇರೆ ಮಾಡಿ. ಮೂಲ ಕ್ಯಾಸೆಟ್ ಎಸೆಯಬೇಡಿ.

ಮದುವೆ ಆದವರಿಗೂ ಒಂದು ಮಾತು. ನಾವು ಕೊಡುವ ಡ್ರೈವ್ ಲಿಂಕ್ ನಮ್ಮ ಖಾತೆಯದು. ಮುಂದಿನ ಸೀಸನ್‌ಗೆ ಜಾಗ ಬೇಕಾದಾಗ ಹಳೆಯದನ್ನು ತೆಗೆಯುತ್ತೇವೆ. ಲಿಂಕ್ ಬಂದ ವಾರದಲ್ಲೇ ಇಳಿಸಿಕೊಳ್ಳಿ.

ಶರಾವತಿ ದಂಡೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕುಂದಾಪುರದ ಅಕ್ಕ ಹೇಳಿದ ಹಾಗೆ ನೋಡಿದೆ, ವಾಟ್ಸಾಪ್ ಬ್ಯಾಕಪ್ಪೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇತ್ತು. ಹಾಡುಗಳು ಡಬ್ಲ್ಯೂಎವಿಯಲ್ಲಿವೆ, ಎಫ್‌ಎಲ್‌ಎಸಿ ಮಾಡಿಸುತ್ತೇನೆ.

ಈಗ ಹಂಚುವ ಪ್ರಶ್ನೆ. ಎಲ್ಲವನ್ನೂ ಒಂದು ಫೋಲ್ಡರ್‌ನಲ್ಲಿ ಹಾಕಿ ಲಿಂಕ್ ಮಾಡಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕು ಅಂತ ತಮ್ಮ ಹೇಳುತ್ತಾನೆ. ಗುಂಪಿನಲ್ಲಿ ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳು ಎಲ್ಲಾ ಇದ್ದಾರೆ. ಸರೀನಾ?

ಸರ್ವರ್ ರೂಮ್:
ಒಂದೇ ಫೋಲ್ಡರ್ ಬೇಡ. ಹಾಡು, ಹಳೇ ಫೋಟೋ ಎಲ್ಲರಿಗೂ ಹೋಗಲಿ, ಅದು ಸಂತೋಷದ ವಿಷಯ. ಜಮೀನು, ಆಧಾರ್, ಅಮ್ಮನ ರಿಪೋರ್ಟ್ ಬೇರೆ ಫೋಲ್ಡರ್‌ನಲ್ಲಿರಲಿ.

ಡ್ರೈವ್‌ನಲ್ಲಿ ಹಂಚುವಾಗ ಎರಡು ದಾರಿ ಇದೆ. ಒಂದು, ಲಿಂಕ್ ಸಿಕ್ಕಿದ ಯಾರು ಬೇಕಾದರೂ ತೆರೆಯಬಹುದು. ಇನ್ನೊಂದು, ನೀವು ಹೆಸರಿಸಿದ ಇಮೇಲ್‌ನವರು ಮಾತ್ರ ತೆರೆಯಬಹುದು. ಕಾಗದಪತ್ರಕ್ಕೆ ಯಾವಾಗಲೂ ಎರಡನೆಯದೇ. ಮೊದಲನೆಯದರಲ್ಲಿ ಲಿಂಕ್ ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆಗಿ ಎಲ್ಲಿಗೆ ಹೋಯಿತು ಅಂತ ಯಾರಿಗೂ ಗೊತ್ತಾಗಲ್ಲ. ಎಲ್ಲರಿಗೂ 'ವ್ಯೂವರ್' ಆಗಿ ಕೊಡಿ. 'ಎಡಿಟರ್' ಅಂತ ಕೊಟ್ಟರೆ ಅವರು ಫೋಲ್ಡರ್‌ನಿಂದ ಫೈಲ್ ತೆಗೆಯಬಹುದು, ಬೇರೆಯವರಿಗೂ ಹಂಚಬಹುದು. ಅಣ್ಣ ತಮ್ಮಂದಿರು ಬೇಕೆಂದು ಮಾಡಲ್ಲ, ಫೋನಿನಲ್ಲಿ ಕೈತಪ್ಪಿ ಆಗುತ್ತದೆ.

ಇನ್ನೊಂದು ತುಂಬಾ ಮುಖ್ಯ. ಹಂಚಿದ ಫೈಲ್ ಪ್ರತಿ ಅಲ್ಲ. ಅದು ಇರುವುದು ಹಾಕಿದವರ ಖಾತೆಯಲ್ಲಿ. ನಿಮ್ಮ ಖಾತೆ ಹೋದರೆ ಪುಣೆಯಲ್ಲೂ ಕಾಣಲ್ಲ, ಜರ್ಮನಿಯಲ್ಲೂ ಕಾಣಲ್ಲ. ಗೂಗಲ್ ಫೋಟೋಸ್‌ನ ಹಂಚಿದ ಆಲ್ಬಮ್ ಕೂಡ ಹಾಗೇ, ಅವರು ತಮ್ಮ ಖಾತೆಗೆ ಸೇವ್ ಮಾಡಿಕೊಂಡರೆ ಮಾತ್ರ ಅವರದ್ದು. ನಿಮ್ಮ ಅಕ್ಕ ಹಾಡುಗಳನ್ನು ಇಳಿಸಿ ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಲಿ. ಆಗ ಅದು ನಿಜವಾದ ದೂರದ ಪ್ರತಿ.

ಮೈಸೂರು ಮೇಷ್ಟ್ರು:
ಆಧಾರ್ ಹಂಚುವ ಹಾಗಿದ್ದರೆ ಮಾಸ್ಕ್ಡ್ ಆಧಾರ್ ಬಳಸಿ. ಮೊದಲ 8 ಅಂಕಿ ಮುಚ್ಚಿರುತ್ತದೆ, ಕೊನೆಯ 4 ಮಾತ್ರ ಕಾಣುತ್ತದೆ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ತಾಣದಲ್ಲೇ ಇಳಿಸಬಹುದು. 2022ರ ಮೇ ತಿಂಗಳಲ್ಲಿ ಆ ಸಂಸ್ಥೆಯ ಬೆಂಗಳೂರು ಕಚೇರಿ, ಆಧಾರ್ ನಕಲನ್ನು ಕಂಡಕಂಡಲ್ಲಿ ಕೊಡಬೇಡಿ, ಮಾಸ್ಕ್ಡ್ ಕೊಡಿ ಅಂತ ಪ್ರಕಟಣೆ ಕೊಟ್ಟಿತ್ತು. ಜನ ಗಾಬರಿಯಾದರು, ಎರಡು ದಿನದಲ್ಲಿ ಪ್ರಕಟಣೆಯನ್ನು ಹಿಂದಕ್ಕೆ ಪಡೆದರು. ಪ್ರಕಟಣೆ ಹೋದರೂ ಮಾಸ್ಕ್ಡ್ ಆಧಾರ್ ಸೌಲಭ್ಯ ಇದೆ, ಬಳಸುವುದು ಒಳ್ಳೆಯದೇ.

ಮರಳುಗಾಡಿನ ಕನ್ನಡಿಗ:
ಗಲ್ಫ್‌ನಿಂದ ಬರೆಯುತ್ತಿದ್ದೇನೆ. ಜಾಗ, ಪ್ಲಾನ್, ಲಿಂಕ್ ಎಲ್ಲಾ ಸರಿ. ಖಾತೆಯ ಬೀಗ ಯಾರ ಕೈಯಲ್ಲಿದೆ ಅನ್ನುವುದನ್ನು ಯಾರೂ ಕೇಳಲಿಲ್ಲ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಚಿಂತೆ.

ಊರಲ್ಲಿ ಅಪ್ಪ ಅಮ್ಮನ ಜಿಮೇಲ್ ಎಷ್ಟೋ ಮನೆಯಲ್ಲಿ ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಫೋನ್ ಹಾಳಾದ ದಿನ ಹತ್ತು ವರ್ಷದ ಫೋಟೋ ಎಲ್ಲಾ ಇದ್ದೂ ಇಲ್ಲದ ಹಾಗೆ ಆಗುತ್ತದೆ. ಫೋನ್ ಚೆನ್ನಾಗಿರುವಾಗಲೇ ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ಪಾಸ್‌ವರ್ಡ್ ಹಾಕಿ, ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ.

ಹೊರದೇಶಕ್ಕೆ ಬಂದವರಿಗೆ ಇನ್ನೊಂದು ಪೇಚು ಇದೆ. ಭಾರತದ ಸಿಮ್‌ಗೆ ರೀಚಾರ್ಜ್ ಮಾಡದೆ ಬಿಟ್ಟರೆ ನಂಬರ್ ನಿಲ್ಲುತ್ತದೆ. ನಿಂತ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವ ಹಾಗಿಲ್ಲ, ಆಮೇಲೆ ಕೊಡಬಹುದು. ನಿಮ್ಮ ಖಾತೆಯ ಓಟಿಪಿ ಅಪರಿಚಿತರ ಫೋನಿಗೆ ಹೋಗುತ್ತದೆ. ನಂಬರ್ ಬದಲಾದ ದಿನವೇ ಖಾತೆಯಲ್ಲಿ ಬದಲಿಸಿ. ಗೂಗಲ್‌ನ ಎರಡು ಹಂತದ ಪರಿಶೀಲನೆಯಲ್ಲಿ ಹತ್ತು ಬ್ಯಾಕಪ್ ಕೋಡ್ ಸಿಗುತ್ತವೆ. ಅವನ್ನು ಪ್ರಿಂಟ್ ತೆಗೆದಿಡಿ, ಫೋನ್ ಇಲ್ಲದಿದ್ದರೂ ಒಳಗೆ ಹೋಗಬಹುದು.

ಬಳಸದೆ ಬಿಟ್ಟ ಖಾತೆಯ ಕಥೆಯೂ ಇದೆ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಗೂಗಲ್ ಅಳಿಸಬಹುದು. ಈ ನಿಯಮದ ಪ್ರಕಾರ ಅಳಿಸುವುದು 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ತೀರಿಕೊಂಡವರ ಖಾತೆಯಲ್ಲಿ ಫೋಟೋ ಇದೆ, ಅಲ್ಲೇ ಇರಲಿ ಅಂತ ಬಿಡಬೇಡಿ. ಇದಕ್ಕೆ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ಅಂತ ಒಂದು ವ್ಯವಸ್ಥೆ ಇದೆ. ಮೂರು ತಿಂಗಳಿಂದ ಹದಿನೆಂಟು ತಿಂಗಳವರೆಗೆ ಒಂದು ಅವಧಿ ಆರಿಸಬಹುದು. ಅಷ್ಟು ಕಾಲ ಖಾತೆ ಬಳಸದಿದ್ದರೆ ನೀವು ಹೆಸರಿಸಿದವರಿಗೆ ಸುದ್ದಿ ಹೋಗುತ್ತದೆ, ಅವರು ಫೈಲ್‌ಗಳನ್ನು ಇಳಿಸಿಕೊಳ್ಳಬಹುದು. ಆಪಲ್‌ನಲ್ಲಿ ತೀರಿಕೊಂಡವರ ಖಾತೆಗೆ ಇದೇ ತರಹದ 'ಲೆಗಸಿ ಕಾಂಟ್ಯಾಕ್ಟ್' ಇದೆ. ಇವತ್ತೇ ತಮ್ಮನ ಹೆಸರು ಹಾಕಿಬಿಡಿ.

ಹುಬ್ಬಳ್ಳಿ ಮಂದಿ:
ಇದು ಬಹಳ ಒಳ್ಳೆಯ ಮಾತು ಅಣ್ಣಾ. ಖಾತೆಯನ್ನು ಕಂಪನಿಯೇ ಮುಚ್ಚಿದರೆ ಏನು ಅನ್ನುವುದೂ ನನ್ನ ಚಿಂತೆ. 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆಯ ಸುದ್ದಿ ಬಂದಿತ್ತು. ಡಾಕ್ಟರಿಗೆ ತೋರಿಸೋಕೆ ಮಗುವಿನ ಗುಪ್ತಾಂಗದ ಊತದ ಫೋಟೋ ತೆಗೆದಿದ್ದರು. ಅದು ತಾನಾಗಿ ಗೂಗಲ್‌ಗೆ ಬ್ಯಾಕಪ್ ಆಯಿತು. ಯಂತ್ರ ಅದನ್ನು ಮಕ್ಕಳ ಮೇಲಿನ ದೌರ್ಜನ್ಯ ಅಂತ ಹಿಡಿಯಿತು. ಪೊಲೀಸರು ತನಿಖೆ ಮಾಡಿ ತಪ್ಪೇನೂ ಇಲ್ಲ ಅಂದರು, ಆದರೂ ಖಾತೆ ವಾಪಸ್ ಕೊಡಲಿಲ್ಲ. ಮೇಲ್, ಫೋಟೋ ಎಲ್ಲಾ ಹೋಯಿತು. ಮಕ್ಕಳ ವೈದ್ಯಕೀಯ ಫೋಟೋ ತೆಗೆಯುವಾಗ ಬ್ಯಾಕಪ್ ನಿಲ್ಲಿಸಿ.

ಸರ್ವರ್ ರೂಮ್:
ಹೌದು, ಆ ಸುದ್ದಿ ಓದಿ ನನಗೂ ಸಂಕಟವಾಗಿತ್ತು. ಅದಕ್ಕೇ ಒಂದೇ ಖಾತೆಯಲ್ಲಿ ಎಲ್ಲಾ ಇಡಬಾರದು. 'ಗೂಗಲ್ ಟೇಕೌಟ್' ಬಳಸಿ ವರ್ಷಕ್ಕೊಮ್ಮೆ ಎಲ್ಲವನ್ನೂ ಇಳಿಸಿ ಹಾರ್ಡ್‌ಡಿಸ್ಕ್‌ಗೆ ಹಾಕಿ. ಅದು ಜಿಪ್ ಮಾಡಿ ಲಿಂಕ್ ಕಳಿಸುತ್ತದೆ. ಲಿಂಕ್ ಕೆಲವೇ ದಿನ ಇರುತ್ತದೆ, ಬಂದ ಕೂಡಲೇ ಇಳಿಸಬೇಕು.

ಯಾರೂ ಒಳಗೆ ನೋಡಬಾರದು ಅನ್ನುವ ಕಾಗದಗಳಿಗೆ ಪ್ರೋಟಾನ್ ಡ್ರೈವ್, ಮೆಗಾ ತರಹದ ಸೇವೆಗಳಿವೆ. ಫೈಲ್ ನಮ್ಮ ಕಡೆಯಲ್ಲೇ ಗೂಢಲಿಪಿಯಾಗಿ ಆಮೇಲೆ ಹೋಗುತ್ತದೆ, ಕಂಪನಿಯವರಿಗೂ ಓದೋಕೆ ಆಗಲ್ಲ. ಆದರೆ ಪಾಸ್‌ವರ್ಡ್ ಮತ್ತು ರಿಕವರಿ ಕೀ ಎರಡೂ ಕಳೆದರೆ ಅವರೂ ತೆರೆದು ಕೊಡಲಾರರು. ವಯಸ್ಸಾದ ಅಪ್ಪ ಅಮ್ಮನ ಫೋಟೋಗೆ ನಾನು ಇದನ್ನು ಹೇಳುವುದಿಲ್ಲ. ಮನೆಯ ಫೋಟೋ ಕಳ್ಳತನ ಆಗುವುದಕ್ಕಿಂತ ಪಾಸ್‌ವರ್ಡ್ ಮರೆತು ಹೋಗುವುದೇ ಜಾಸ್ತಿ.

ಶರಾವತಿ ದಂಡೆ:
ಅಪ್ಪ, ತಮ್ಮನ ಜೊತೆ ಕೂತು ಮಾತಾಡಿದೆ. 100 ಜಿಬಿ ಪ್ಲಾನ್ ಸದ್ಯಕ್ಕೆ ಒಂದು ವರ್ಷಕ್ಕೆ ತೆಗೆದುಕೊಳ್ಳುತ್ತೇವೆ. ಅದನ್ನು ಮನೆಯ ಇನ್ನೂ ಐದು ಜನರ ಜೊತೆ ಹಂಚಿಕೊಳ್ಳಬಹುದು ಅಂತ ಗೊತ್ತಾಯಿತು, ಹಾಗಾಗಿ ಅಮ್ಮನ ಫೋನಿಗೂ ಆಗುತ್ತದೆ. ಒಂದು ಹಾರ್ಡ್‌ಡಿಸ್ಕ್ ಊರಲ್ಲಿ. ಹಾಡು ಮತ್ತು ಹಳೇ ಫೋಟೋಗಳ ಪೂರ್ತಿ ಪ್ರತಿ ಅಕ್ಕನ ಕಂಪ್ಯೂಟರಿನಲ್ಲಿ. ಪಾಸ್‌ವರ್ಡ್, ಬ್ಯಾಕಪ್ ಕೋಡ್ ಬೀರುವಿಗೆ.

ಇನ್ನೊಂದೇ ಪ್ರಶ್ನೆ ಉಳಿದಿದೆ. ಅಪ್ಪ ಊರಿನ ಬಗ್ಗೆ ಬರೆದ ಲೇಖನಗಳು 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆವೃತ್ತಿಯಲ್ಲಿ ಟೈಪ್ ಮಾಡಿಸಿದ ವರ್ಡ್ ಫೈಲ್‌ಗಳಲ್ಲಿವೆ. ಡ್ರೈವ್‌ನಲ್ಲಿ ತೆರೆದರೆ ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತಿದೆ. ಫೈಲ್ ಕೆಟ್ಟಿದೆಯಾ?

ಮೈಸೂರು ಮೇಷ್ಟ್ರು:
ಕೆಟ್ಟಿಲ್ಲಮ್ಮಾ, ಹೆದರಬೇಡಿ. ಆಗಿನ 'ನುಡಿ', 'ಬರಹ' ತಂತ್ರಾಂಶಗಳ ಫಾಂಟ್‌ಗಳು ಈಗ ಎಲ್ಲಾ ಕಡೆ ಕನ್ನಡ ಕಾಣುವ ಹಾಗೆ ಮಾಡುವ ಯುನಿಕೋಡ್ ಪದ್ಧತಿಯವಲ್ಲ, ಇಂಗ್ಲಿಷ್‌ಗೆಂದು ಮಾಡಿದ ಹಳೇ ಆಸ್ಕಿ ಪದ್ಧತಿಯ ಆಧಾರದವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಹೀಗೇ ಕಾಣುತ್ತದೆ. ಹಾಗೇ ಬ್ಯಾಕಪ್ ಮಾಡಿಟ್ಟರೆ ಮುಂದೆ ಮಕ್ಕಳಿಗೆ ಫೈಲ್ ಸಿಗುತ್ತದೆ, ಓದೋಕೆ ಮಾತ್ರ ಆಗಲ್ಲ. ಹುಡುಕಿದರೂ ಸಿಗಲ್ಲ.

ಮೂಲ ಫೈಲನ್ನು ಮುಟ್ಟದೆ ಹಾಗೇ ಇಡಿ. ಅದರ ಜೊತೆ ಆ ಫಾಂಟ್ ಫೈಲನ್ನೂ ಅದೇ ಫೋಲ್ಡರ್‌ಗೆ ಹಾಕಿ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ತೆರೆದು ಒಂದು ಪಿಡಿಎಫ್ ಮಾಡಿ, ಅದರಲ್ಲಿ ಅಕ್ಷರ ಇದ್ದ ಹಾಗೇ ಉಳಿಯುತ್ತದೆ. ಆಮೇಲೆ ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಹೊಸ ಫೈಲ್ ಮಾಡಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕೆಲವೊಮ್ಮೆ ತಪ್ಪುತ್ತದೆ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ತಿದ್ದಿ. ಪ್ರಿಂಟ್ ಮಾತ್ರ ಇದ್ದು ಫೈಲ್ ಇಲ್ಲದ ಲೇಖನ ಇದ್ದರೆ, ಅದರ ಸ್ಕ್ಯಾನನ್ನು ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಅದು ಅಚ್ಚಾದ ಕನ್ನಡವನ್ನು ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ಕೈಬರಹಕ್ಕೆ ಅಷ್ಟು ನಂಬುವ ಹಾಗಿಲ್ಲ.

ಎಲ್ಲಾ ಮುಗಿದ ಮೇಲೆ ಅಕ್ಕನಿಗೆ ಹೇಳಿ, ಆ ಫೋಲ್ಡರ್‌ನಿಂದ ಒಂದು ಹಾಡು, ಒಂದು ಲೇಖನ ಇಳಿಸಿ ತೆರೆದು ನೋಡಲಿ. ಅಲ್ಲಿ ಹಾಡು ಕೇಳಿಸಿ, ಲೇಖನ ಓದೋಕೆ ಆದರೆ ನಿಮ್ಮ ಬ್ಯಾಕಪ್ ಸರಿಯಾಗಿದೆ. ಬದಲಿಸುವಾಗ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಆ ಸಾಲನ್ನು ಇಲ್ಲೇ ಹಾಕಿ, ನೋಡೋಣ.